ಟ್ರಾಮಿನ ಹಿಂದಿನ ಬೆಂಚು

ಹಳೇ ಮರವನ್ನು ಸವರಿದರೆ ತಾನು ಕೇಳಿಸಿಕೊಂಡದ್ದನ್ನೆಲ್ಲ ಒದರುತ್ತದೆ, ಜೋರಾಗಿ ಉಜ್ಜಿದರೆ ಬಾಯಿ ಮುಚ್ಚುತ್ತದೆ. ಬಡಗಿ ಚೌಡಮ್ಮನಿಗೆ ಇದು ನಿತ್ಯದ ಪಾಡು. ಮತ್ತೆ ಓಡಿಸಲೆಂದು ದುರಸ್ತಿಗೆ ಬಂದ ನೂರು ವರ್ಷದ ಟ್ರಾಮಿನಲ್ಲಿ ಮುಂದಿನ ಬೆಂಚುಗಳೆಲ್ಲ ನಕ್ಕವು. ಹಿಂದಿನದು ಮಾತ್ರ ಗದರಿತು: “ಥೂ, ಏಳೇ ಮೇಲೆ! ನಿಮ್ಮ ಜನ ಕೂರೋ ಜಾಗಾನಾ ಇದು?”

ಚೌಡಮ್ಮ ಸವರುವುದನ್ನು ನಿಲ್ಲಿಸಿದಳು. ಅವಳಜ್ಜಿ ಸಾಯುವವರೆಗೂ ಖಾಲಿ ಬಸ್ಸಿನಲ್ಲೂ ನಿಂತೇ ಹೋಗುತ್ತಿದ್ದಳು.

“ಆ ಕೊಳಕನ್ನ ಉಜ್ಜಿಬಿಡಮ್ಮ, ನಗು ಮಾತ್ರ ಇರಲಿ. ನಮ್ಮ ಟ್ರಾಮಿನ ಇತಿಹಾಸ ಚೆಂದ ಕೇಳಿಸ್ಬೇಕು,” ಎಂದರು ದುರಸ್ತಿ ಸಮಿತಿಯ ಶೇಷಗಿರಿರಾಯರು, ಬೆಂಚು ಮುಟ್ಟಿದ ಕೈಯನ್ನು ಕರ್ಚೀಫಿಗೆ ಒರೆಸುತ್ತ.

“ಆಗ್ಲಿ ಸ್ವಾಮಿ,” ಎಂದಳು. ಅವರು ಅತ್ತ ಹೋದದ್ದೇ ತಡ, ನಗುವನ್ನೆಲ್ಲ ಉಜ್ಜಿ ಹಾಕಿದಳು. ಆಮೇಲೆ ಹಿಂದಿನ ಬೆಂಚನ್ನು ಎಳೆತಂದು, ಉದ್ಘಾಟನೆಯ ದಿನ ರಾಯರು ಕೂರುವ ಜಾಗದಲ್ಲಿ ಸ್ಕ್ರೂ ಹಾಕಿ ಬಿಗಿದಳು.