ಕಂಬಕ್ಕೆ ಕಟ್ಟಿದ್ದ ಸ್ಕೂಟರ್

ತಿರುವಲ್ಲಿಕ್ಕೇಣಿಯ ಲಾಡ್ಜಿನ ಕಂಬದಲ್ಲಿ ಸರಪಳಿಯಷ್ಟೇ ಜೋತುಬಿದ್ದಿತ್ತು. ಮಂಡಿ ಸೋತ ಗಂಡನಿಗಾಗಿ ವೆಂಕಟಲಕ್ಷ್ಮಿಯವರು ಬಾಡಿಗೆಗೆ ತಂದಿದ್ದ ಬ್ಯಾಟರಿ ಸ್ಕೂಟರ್ ಇರಲಿಲ್ಲ. ಬೀಗದ ಕೈಯನ್ನು ಅವರು ದೇವರ ಪೆಟ್ಟಿಗೆಯಲ್ಲಿ, ಸಾಲಿಗ್ರಾಮದ ಪಕ್ಕ ಇಟ್ಟಿದ್ದರು. ಅಲ್ಲಿಗೆ ಕೈಹಾಕಲು ಕಳ್ಳನೂ ಹೆದರುತ್ತಾನೆಂದು ನಂಬಿದ್ದರು.

"ಸ್ಕೂಟರ್ ಕಳುವಾಗಿದೆಯಪ್ಪ, ಪೊಲೀಸರನ್ನ ಕರಿ," ಎಂದರು ಮ್ಯಾನೇಜರಿಗೆ.

"ಕಳುವಲ್ಲಮ್ಮ. ನಿಮ್ಮ ಯಜಮಾನ್ರೇ ಬೀಗ ತೆಗೆದು ಹತ್ತಿ ಹೋದ್ರು. ನಿನ್ನೆ ಸಮುದ್ರದಲ್ಲಿ ಮಗನ ಅಸ್ಥಿ ಬಿಟ್ಟ ಕಡೆಗಂತೆ."

"ಒಬ್ಬರೇನಾ?"

"ಹೂಂ. ಮರಳಲ್ಲಿ ಗಾಡಿ ಹೋಗಲ್ಲ ಸಾರ್ ಅಂದೆ. ರಸ್ತೆಯಲ್ಲೇ ಬಿಟ್ಟಿರ್ತೀನಿ, ನಮ್ಮ ಮನೆಯವಳು ಬಂದು ತಗೊಂಡು ಹೋಗ್ತಾಳೆ ಅಂದ್ರು."

ವೆಂಕಟಲಕ್ಷ್ಮಿ ಬರಿಗಾಲಲ್ಲೇ ಸಮುದ್ರದ ಕಡೆ ಓಡಿದರು. ಬಾಯಿಗೆ ದೇವರ ನಾಮ ಬರಲಿಲ್ಲ. ಮದುವೆಯಾದಂದಿನಿಂದ ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದ ಗಂಡನ ಹೆಸರನ್ನು ನಡುಬೀದಿಯಲ್ಲಿ ಕೂಗುತ್ತಿದ್ದರು: "ಮಧ್ವರಾಜಾ, ಮಧ್ವರಾಜಾ."