ಏಳನೆಯ ಪುಸ್ತಕದ ಕೊನೆ

ನಿಧಿ ಏಳೂ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಪೇರಿಸಿ, ಕಾಗದದ ದಾರವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಸುತ್ತಿ, ಮೊಣಕೈ ಊರಿ ಜಗ್ಗಿ ಗಂಟು ಹಾಕಿದಳು. ಜಪಾನಿನ ಈ ಹಮಾಮತ್ಸು ಊರಿನಲ್ಲಿ ಹಳೇ ಪೇಪರು ಕಸಕ್ಕೆ ಹಾಕುವುದೇ ಹೀಗೆ. ಎಲ್ಲಕ್ಕಿಂತ ಮೇಲಿದ್ದದ್ದು ಹೋದ ಶನಿವಾರ ತಾನೇ ಬಂದ ಏಳನೆಯದು. ರಟ್ಟಿನ ಹೊಳಪೂ ಮಾಸಿರಲಿಲ್ಲ.

"ಏನೇ ಇದು?" ಇಂದಿರಾ ಕಾವಲಿಯ ಮೇಲೆ ದೋಸೆ ಬಿಟ್ಟು ಬಂದಳು. ಮೂರನೇ ಕ್ಲಾಸಿನಿಂದ ಮಗಳು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ ಪುಸ್ತಕಗಳು ಅವು.

"ಕಸ," ಅಂದಳು ನಿಧಿ. "ಲಾಸ್ಟ್ ಬುಕ್ ಮುಗೀತು. ಇಲ್ಮಾ ಬಾವಿಗೆ ಇಳಿದು ಇನ್ನೊಂದು ವರ್ಲ್ಡ್‌ಗೆ ಹೋಗ್ತಾಳೆ ಅಂತ ಹೇಳಿದ್ನಲ್ಲ, ಅಮ್ಮ. ಸಿಕ್ಸ್ ಬುಕ್ಸ್ ಅಲ್ಲೇ ಬೆಳೀತಾಳೆ. ಅವಳ ಯುದ್ಧ, ಅವಳ ನರಿ, ಎಲ್ಲಾ ಅಲ್ಲೇ. ಕೊನೇಲಿ ದೊಡ್ಡೋರೆಲ್ಲ ಸೇರಿ 'ಸಾಕು, ಈಗ ಹೋಮ್‌ಗೆ ಹೋಗು' ಅಂತಾರೆ. ಬರ್ತಾಳೆ. ಬಾವಿ ನೀರು ಕುಡೀತಾಳೆ. ಎಲ್ಲಾ ಮರ್ತುಹೋಗತ್ತೆ. ನರಿ ಹೆಸರು ಕೂಡ. ಆಮೇಲೆ ಸ್ಮೈಲ್ ಮಾಡ್ತಾಳಂತೆ. ದಟ್ಸ್ ಇಟ್."

ಹರಿಪ್ರಸಾದ ಫೋನಿನಿಂದ ತಲೆ ಎತ್ತಿದ. "ಮನೆಗೆ ವಾಪಸ್ ಬಂದ್ಲಲ್ಲ, ಹ್ಯಾಪಿ ಎಂಡಿಂಗೇ ಅಲ್ವಾ? ಒಂದು ಕಥೆಗೆ ಯಾಕಮ್ಮ ಇಷ್ಟು ಸಿಟ್ಟು?"

ನಿಧಿ ಅಪ್ಪನ ಕಡೆ ತಿರುಗಲಿಲ್ಲ. "ನರಿ ಏನಾಯ್ತು ಅಂತ ಒಂದ್ ಲೈನ್ ಕೂಡ ಬರ್ದಿಲ್ಲ. ಅದು ಆ ಕಡೆ ಬಾವಿ ಹತ್ರ ಕಾಯ್ತಾನೇ ಇರತ್ತೆ. ಆ ರೈಟರ್‌ಗೆ ಕೇರೇ ಇಲ್ಲ."

ಇಂದಿರಾ ಆ ಪುಸ್ತಕಗಳ ಒಂದು ಪುಟವನ್ನೂ ಓದಿದವಳಲ್ಲ. ಆದರೆ ಮೊನ್ನೆ ಭಾನುವಾರ ಗಂಡ ಮೈಸೂರಿನ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದನ್ನು ಕೇಳಿದ್ದಳು: "ಮಾರ್ಚ್ ಕೊನೇಲಿ ಬಂದುಬಿಡ್ತೀವಿ. ಇವಳದೇನು, ಮಕ್ಕಳು ಆರು ತಿಂಗಳಲ್ಲಿ ಎಲ್ಲಾ ಮರೀತಾರೆ." ತೆಳ್ಳನೆಯ ಜಾರುಬಾಗಿಲಿನ ಆ ಕಡೆ ನಿಧಿ ಇದ್ದಳು. ಬೈಕ್ ಕಂಪನಿಯ ಕೆಲಸ ಬಿಟ್ಟು ಊರಿಗೆ ಹೊರಡುವ ತೀರ್ಮಾನ ಅವನೊಬ್ಬನದೇ. ಒಂಬತ್ತು ವರ್ಷದ ಹಿಂದೆ ಇಲ್ಲಿಗೆ ಕರೆತರುವಾಗಲೂ ಇಂದಿರಾಗೆ ಇದೇ ಮಾತು ಹೇಳಿದ್ದ: ಒಂದು ವರ್ಷ ಕಳೀಲಿ, ಮೈಸೂರಿನ ನೆನಪೇ ಬರಲ್ಲ ನೋಡು. ತವರಿನ ಗೇಟಿನ ಚಿಲಕ ಬೀಳುವ ಸದ್ದನ್ನು ಕೂಡ ಅವಳು ಈವರೆಗೆ ಮರೆತಿರಲಿಲ್ಲ.

"ಅದನ್ನ ಬರೆದೋರು ಯಾವತ್ತೂ ಊರು ಬಿಟ್ಟಿರಲಿಕ್ಕಿಲ್ಲ ಬಿಡು," ಅಂದಳು ಮಗಳಿಗೆ. "ಹಿನಾಗೆ ಹೇಳಿದ್ಯಾ?"

ಹಿನಾ ದಿನವೂ ನಿಧಿಯ ಜೊತೆ ಶಾಲೆಗೆ ನಡೆಯುವವಳು. ಅದೇ ಕಥೆಯನ್ನು ಅವಳು ಜಪಾನಿ ಭಾಷೆಯಲ್ಲಿ ಓದುತ್ತಿದ್ದಳು. ಸ್ನೇಹ ಶುರುವಾದದ್ದೇ ಅದರಿಂದ.

"ಯಾವ್ದು, ಬುಕ್ಕಿನ ಕೊನೇನಾ?"

"ಎರಡೂ."

ನಿಧಿ ಇಲ್ಲವೆಂದು ತಲೆಯಲ್ಲಾಡಿಸಿದಳು. "ನಾನ್ಯಾಕೆ ಹೇಳ್ಬೇಕು? ನಾನು ಡಿಸೈಡ್ ಮಾಡಿದ್ದಾ?"

"ಎಸೀಬೇಕು ಅಂದ್ರೆ ಎಸೀಲಿ ಬಿಡು, ಇಂದೂ," ಅಂದ ಹರಿಪ್ರಸಾದ, ಗಡಿಯಾರ ನೋಡುತ್ತಾ. "ಹೇಗೂ ನಮ್ಮ ಲಗೇಜು ಜಾಸ್ತಿ ಆಗ್ತಿದೆ."

ಇಂದಿರಾ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಯಾವ ದಿನ ಯಾವ ಕಸ ಎಂದು ಬರೆದ ಕ್ಯಾಲೆಂಡರಿನತ್ತ ಒಮ್ಮೆ ನೋಡಿದಳು. ಪುಸ್ತಕದ ಕಟ್ಟನ್ನು ಎತ್ತಿ ಗಂಡನ ಎದೆಗೆ ಆನಿಸಿದಳು.

"ಹಾಗಾದ್ರೆ ನೀವೇ ಹಾಕಿ ಬನ್ನಿ."

"ನಾನಾ? ಎಲ್ಲಿಗೆ?"

"ಕೆಳಗೆ, ಗೇಟಿನ ಪಕ್ಕ ಹಸಿರು ಬಲೆ ಹೊದಿಸಿರ್ತಾರಲ್ಲ, ಅಲ್ಲಿ. ಒಂಬತ್ತು ವರ್ಷದಲ್ಲಿ ಒಂದ್ಸಲನಾದ್ರೂ ನೋಡಿರ್ತೀರಿ."

ಅವನು ಗೊಣಗುತ್ತಾ ಚಪ್ಪಲಿ ಮೆಟ್ಟಿಕೊಂಡು ಇಳಿದ. ದೋಸೆ ಸೀದಿತ್ತು. ಇಂದಿರಾ ಅದನ್ನು ಕೆರೆದು ತೆಗೆದು, ಇನ್ನೊಂದು ಹುಯ್ದು, ಅದು ಬೇಯುವಷ್ಟರಲ್ಲಿ ಬಾಗಿಲು ತೆರೆಯಿತು. ಪುಸ್ತಕದ ಕಟ್ಟು ಅವನ ಕೈಯಲ್ಲೇ ಇತ್ತು.

"ಇವತ್ತು ಪ್ಲಾಸ್ಟಿಕ್ಕಂತೆ. ಪೇಪರು ಮುಂದಿನ ವಾರವಂತೆ."

"ಹೌದು."

"ನಿಂಗೆ ಗೊತ್ತಿತ್ತಾ?"

"ದಿನಾ ಕಸ ಹಾಕೋಳು ನಾನು. ಯಾರು ಹೇಳಿದ್ದು ನಿಮಗೆ?"

"ಹಿನಾ. ಅಲ್ಲೇ ನಿಂತಿದ್ಲು, ನಿಧಿಗೆ ಕಾಯ್ತಾ." ಹರಿಪ್ರಸಾದ ಕಟ್ಟಿನ ಗಂಟನ್ನು ಉಗುರಿನಿಂದ ಕೆರೆಯುತ್ತಿದ್ದ. "ಏಳನೇದನ್ನ ನೋಡಿ ಕಣ್ಣು ಮುಚ್ಕೊಂಡ್ಲು ಪಾಪ. ಜಪಾನೀಸ್‌ನಲ್ಲಿ ಮೇ ತಿಂಗಳಿಗೆ ಬರತ್ತಂತೆ. ಸ್ಕೂಲ್ ಟ್ರಿಪ್ಪಿನ ರೈಲಲ್ಲಿ ನಿಧಿ ಪಕ್ಕ ಕೂತೇ ಓದೋದಂತೆ. ಸೀಟಿಗೆ ಇಬ್ಬರ ಹೆಸರೂ ಬರೆಸಿದಾಳಂತೆ. ಅಲ್ಲೀತನಕ ಕೊನೇಲಿ ಏನಾಗತ್ತೆ ಅಂತ ದಯವಿಟ್ಟು ಹೇಳಬೇಡಿ ಅಂದ್ಲು."

"ನೀವೇನಂದ್ರಿ?"

ಅವನು ಮಗಳ ಕಡೆ ನೋಡಿದ. ಈಗ ಅವಳೂ ಅವನನ್ನೇ ನೋಡುತ್ತಿದ್ದಳು.

"ಹೇಳಲ್ಲ ಅಂದೆ."

ಇಂದಿರಾ ಬಂದು ಅವನ ಕೈಯಿಂದ ಪುಸ್ತಕಗಳನ್ನು ಇಸಿದುಕೊಂಡು ಮಗಳ ಮುಂದೆ ಇಟ್ಟಳು. ಅವನು ಒಳಗೆ ಬರಲೆಂದು ಚಪ್ಪಲಿ ಕಳಚಲು ಬಗ್ಗಿದಾಗ ಬಾಗಿಲನ್ನು ಇನ್ನಷ್ಟು ಅಗಲ ತೆರೆದು ಹಿಡಿದಳು.

"ಚಪ್ಪಲಿ ಬಿಡಬೇಡಿ," ಅಂದಳು. "ಮಾರ್ಚಿನ ವಿಷಯ ಹಿನಾಗೆ ನೀವೇ ಹೇಳಿ ಬನ್ನಿ. ಅವಳಿನ್ನೂ ಅಲ್ಲೇ ನಿಂತಿದಾಳೆ."