ಗಡ್ಡೆಯ ಗೋತ್ರ

“ಮೊಲದ ರಕ್ತಾನಾ? ಅದೂ ನನ್ನ ಮೊಸರಿನ ಪಕ್ಕದಲ್ಲಿ?”

ಸರಸ್ವತಮ್ಮ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ನಿಂತೇಬಿಟ್ಟರು. ಹೆಬ್ಬೆರಳುದ್ದದ ಗಾಜಿನ ಶೀಶೆಯೊಂದು ಬೆಣ್ಣೆ ಡಬ್ಬಿಗೆ ಒರಗಿಕೊಂಡು, ಏನೂ ಅರಿಯದ ಕೂಸಿನಂತೆ ಕೂತಿತ್ತು.

“ರಕ್ತ ಅಲ್ಲ ಅತ್ತೆ, ಸೀರಮ್ಮು. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲೋ ತಿಳಿ,” ಎಂದಳು ಪಂಕಜಾ. ತಿಳಿ ಎಂದಕೂಡಲೇ ಒಲೆಯ ಮೇಲಿದ್ದ ಸಾರಿನ ನೆನಪಾಗಿ ಅತ್ತೆಯ ಮುಖ ಇನ್ನಷ್ಟು ಕಿವುಚಿಕೊಂಡಿತು.

ಪಂಕಜಾ ಆಸ್ಪತ್ರೆಯ ಲ್ಯಾಬಿನಲ್ಲಿ ಬಯಾಪ್ಸಿ ನೋಡುವ ಡಾಕ್ಟರು. ಆ ಶನಿವಾರ ಮಧ್ಯಾಹ್ನ ಅಲ್ಲಿಯ ಫ್ರಿಜ್ಜು ಕೈಕೊಟ್ಟಿತ್ತು. ಮೆಕ್ಯಾನಿಕ್ ಬರುವುದು ಸೋಮವಾರವೇ. ತಿಂಗಳುಗಟ್ಟಲೆ ಕಾದು ಬೊಂಬಾಯಿಯಿಂದ ತರಿಸಿದ ಸೀರಮ್ಮು ಬೇಸಿಗೆಯ ಕಾವಿಗೆ ಕೆಟ್ಟರೆ ಗತಿಯೇನು? ಫ್ಲಾಸ್ಕಿನಲ್ಲಿ ಐಸು ತುಂಬಿ, ಅದನ್ನು ಜಯನಗರದ ಮನೆಗೇ ತಂದಿದ್ದಳು. ಹೇಳದೆ ಮೂಲೆಯಲ್ಲಿ ಇಟ್ಟುಬಿಡಬಹುದಿತ್ತು. ಆದರೆ ಅತ್ತೆಗೆ ತಿಳಿಯದಂತೆ ಆ ಫ್ರಿಜ್ಜಿನೊಳಗೆ ಒಂದು ನಿಂಬೆಹಣ್ಣೂ ಹೊರಳುವಂತಿರಲಿಲ್ಲ.

“ಯಾತಕ್ಕಂತೆ ಇದು?”

“ಕೋಣನಕುಂಟೆಯಿಂದ ರುದ್ರಮ್ಮ ಅಂತ ಒಬ್ಬರು ಬಂದಿದ್ದಾರೆ ಅತ್ತೆ. ಗರ್ಭಕೋಶದ ಬಾಯಲ್ಲಿ ಗಡ್ಡೆ. ಕ್ಯಾನ್ಸರ್ ಅನ್ನೋದು ಖಂಡಿತ. ಆದ್ರೆ ಹೊರಗಿನ ಪದರದಿಂದ ಎದ್ದಿದ್ದೋ, ಒಳಗಿನ ಗ್ರಂಥಿಯಿಂದ ಎದ್ದಿದ್ದೋ ಮೈಕ್ರೋಸ್ಕೋಪಲ್ಲಿ ಗೊತ್ತಾಗ್ತಿಲ್ಲ. ಗ್ರಂಥಿದಾದ್ರೆ ಅದರಲ್ಲಿ ಸಾಮಾನ್ಯವಾಗಿ ಒಂದು ಪ್ರೋಟೀನ್ ಇರತ್ತೆ. ಆ ಪ್ರೋಟೀನನ್ನ ಮೊಲಕ್ಕೆ ಚುಚ್ಚಿ ತೆಗೆದ ಈ ಸೀರಮ್ಮು ಹೋಗಿ ಅದನ್ನ ಹಿಡ್ಕೊಳತ್ತೆ. ಆಮೇಲೆ ಬಣ್ಣ ಹಾಕಿದ್ರೆ, ಆ ಜಾಗ ಎಲ್ಲ ಕಂದು.”

ಸರಸ್ವತಮ್ಮ ಒಂದು ಗಳಿಗೆ ಯೋಚಿಸಿದರು. “ಅಂದ್ರೆ ಗಡ್ಡೆಯ ಗೋತ್ರ ವಿಚಾರಿಸ್ತೀರಿ.”

“ಹೂಂ, ಹಾಗೇ ಅಂದ್ಕೊಳ್ಳಿ.”

“ಗೋತ್ರ ತಿಳಿದು ಏನಾಗ್ಬೇಕೇ? ಮದುವೆ ಮಾಡಿಸ್ತೀರಾ?”

“ಅದನ್ನ ನೋಡ್ಕೊಂಡೇ ಆಪರೇಷನ್ನೋ, ರೇಡಿಯೇಷನ್ನೋ ಅಂತ ದೊಡ್ಡ ಡಾಕ್ಟ್ರು ತೀರ್ಮಾನ ಮಾಡ್ಬೇಕು ಅತ್ತೆ.”

ಅತ್ತೆ ಹಾಲು, ಮೊಸರು, ಬೆಣ್ಣೆ, ದೋಸೆ ಹಿಟ್ಟು ಎಲ್ಲವನ್ನೂ ಒಂದೊಂದಾಗಿ ಹೊರಗಿಟ್ಟು, ಇಡೀ ಫ್ರಿಜ್ಜನ್ನು ಮೊಲಕ್ಕೆ ಬಿಟ್ಟುಕೊಟ್ಟರು. ಮಾರನೆಯ ಬೆಳಗ್ಗೆ ಹಿಟ್ಟು ಹುಳಿಬಂದು ಪಾತ್ರೆಯಿಂದಾಚೆ ಹರಿದಿತ್ತು. ಅದನ್ನು ಒರೆಸುತ್ತಿರುವಾಗಲೇ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಕರೆಂಟು ಸಂಜೆಗೇ ಎಂದ ಲೈನ್‌ಮನ್ನು.

ಪಂಕಜಾ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಭಾನುವಾರ, ಮೆಡಿಕಲ್ ಸ್ಟೋರಿಗೆ ಬೀಗ, ಐಸ್‌ಕ್ರೀಂ ಅಂಗಡಿಗೂ ಬೀಗ. ಬರಿಗೈಯಲ್ಲಿ ಬೆವರುತ್ತಾ ವಾಪಸು ಬಂದರೆ, ಹಿತ್ತಲಲ್ಲಿ ಬಟ್ಟೆ ನೆನೆಸುವ ಟಬ್ಬಿನ ತುಂಬ ಐಸಿನ ಚೂರು, ಅದರ ಮೇಲೆ ಗೋಣಿತಾಟು. ನಡುವೆ ಟಿಫನ್ ಡಬ್ಬಿಯೊಂದರಲ್ಲಿ, ಬಟ್ಟೆ ಸುತ್ತಿಸಿಕೊಂಡ ಶೀಶೆ.

“ಐಸು ಎಲ್ಲಿಂದ ಬಂತು ಅತ್ತೆ?”

“ಕೆಲಸದ ಮುನಿಯಕ್ಕ ಮಡಿವಾಳದಿಂದ ತಂದ್ಳು.”

“ಮಡಿವಾಳದಲ್ಲಿ ಎಲ್ಲಿಂದ?”

“ಮಾರ್ಕೆಟ್ಟಿಂದ. ಹೆಚ್ಚಿಗೆ ಕೇಳಬೇಡ.”

ಪಾತ್ರೆ ತಿಕ್ಕುತ್ತಿದ್ದ ಮುನಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋಣಿ ಸರಿಸಿ ನೋಡಿದರೆ, ಐಸಿಗೆ ಅಂಟಿದ ಮೀನಿನ ಹುರುಪೆಯೊಂದು ಬೆಳ್ಳಿಯ ಹಾಗೆ ಮಿನುಗುತ್ತಿತ್ತು. ಸರಸ್ವತಮ್ಮ ತೆಂಗಿನಮರದ ಗರಿಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಮಧ್ಯಾಹ್ನ ಎರಡನೇ ಸಲ ತಲೆಗೆ ಸ್ನಾನ ಮಾಡಿದರು.

ಮಂಗಳವಾರ ಸಂಜೆ ಪಂಕಜಾ ಗೇಟಿನಿಂದಲೇ ಕೂಗಿದಳು. “ಅತ್ತೆ, ಕಂದು ಬಂತು! ಬೇರೆ ಪರೀಕ್ಷೆಗಳೂ ಅದನ್ನೇ ಹೇಳ್ತಿವೆ. ಗ್ರಂಥಿದೇ. ಮುಂದಿನ ವಾರ ಆಪರೇಷನ್.”

ಸರಸ್ವತಮ್ಮ ಜಗಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. “ಸದ್ಯ! ಉಳ್ಕೊತಾಳಾ?”

“ಉಳಿಯೋ ಹಾಗಿದೆ. ಮುಂಚೇನೇ ಬಂದಿದ್ರೆ ಇನ್ನೂ ಧೈರ್ಯವಾಗಿ ಹೇಳ್ತಿದ್ದೆ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಮತ್ತೆ ಕಾಣಿಸ್ಕೊಂಡಿದೆ. ಪಾಪ, ನಾಚಿಕೆಯಿಂದ ಆರು ತಿಂಗಳು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.”

ನಾರು ತೆಗೆಯುತ್ತಿದ್ದ ಕೈ ನಿಂತಿತು.

“ನಾಚಿಕೆ ಅಲ್ಲ ಕಣೇ,” ಎಂದರು ಸರಸ್ವತಮ್ಮ, ತಲೆ ಎತ್ತದೆ. “ಹೆದರಿಕೆ.”

ಪಂಕಜಾ ಚಪ್ಪಲಿ ಬಿಡುವುದನ್ನು ಮರೆತು ನಿಂತಳು. ಅತ್ತೆ ಇನ್ನೊಂದು ಕಾಯಿ ಕೈಗೆತ್ತಿಕೊಂಡರು; ಅದರ ನಾರು ಅರ್ಧಕ್ಕೇ ಹರಿಯಿತು.

“ನಾಳೆ ಬೆಳಗ್ಗೆ ಒಂದು ಆಟೋ ಹೇಳು.”

“ನಾನು ದಿನಾ ಬಸ್ಸಲ್ಲೇ ಹೋಗ್ತೀನಲ್ಲ ಅತ್ತೆ?”

“ಆ ಹೊತ್ತಲ್ಲಿ ಇಬ್ಬರಿಗೆ ಸೀಟು ಎಲ್ಲಿ ಸಿಗತ್ತೆ?”